ಬಿರುಕು ಬಿಟ್ಟ ತೋಟೆಗಳು

ಕೋವಿಯಲ್ಲಿ ಹೊಡೆದು ಖಾಲಿಯಾದ ತೋಟೆ ತೊಳೆಯುವುದರಲ್ಲಿ ನಮ್ಮ ಬಿಟರ್ ಕೂಲಿ ಎಂಬ ಊರಿನಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಈ ಮಾತಿನಲ್ಲಿ ಜಂಬ ಇಲ್ಲವೆಂದು ಹೇಳಲಾರೆ. ಮುಂದೆ ನಡೆದದ್ದಕ್ಕೆ ಆ ಜಂಬವೂ ಒಂದು ಕಾರಣ, ಅದಕ್ಕೇ ಮೊದಲೇ ಹೇಳಿಬಿಡುತ್ತಿದ್ದೇನೆ.

ಅಮೆರಿಕದ ಮೊಂಟಾನಾದ ಈ ಮೂಲೆಯಲ್ಲಿ ಹೊಡೆದ ತೋಟೆಯನ್ನು ಎಸೆಯುವವರಿಲ್ಲ. ಹಿತ್ತಾಳೆ ಚೆನ್ನಾಗಿದ್ದರೆ ಅದೇ ತೋಟೆಗೆ ಕಿಡಿ ಹೊತ್ತಿಸುವ ಹೊಸ ಕೇಪು, ಹೊಸ ಮದ್ದು, ಹೊಸ ಗುಂಡು ತುಂಬಿ ಎಂಟು ಹತ್ತು ಸಲ ಹೊಡೆಯಬಹುದು. ನಮ್ಮ ಮನೆಯಲ್ಲಿ ತುಂಬುವುದು ನನ್ನ ಗಂಡ ಲೀಲಂಡ್‌ನ ಕೆಲಸ, ತೊಳೆದು ಪರೀಕ್ಷೆ ಮಾಡುವುದು ನನ್ನದು. ಅವನು ರೈಲ್ವೆಯಿಂದ ನಿವೃತ್ತನಾದವನು, ಕೈ ಗಟ್ಟಿ, ಆದರೆ ಕಣ್ಣು ಅಷ್ಟಕ್ಕಷ್ಟೆ. ನಾನು ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ಬೀನ್ಸ್ ಕಾಳು ಆರಿಸಿದವಳು, ನನ್ನ ಕಣ್ಣು ತಪ್ಪಿಸಿ ಕಲ್ಲೊಂದು ಹೋಗುತ್ತಿರಲಿಲ್ಲ.

ಮೊದಲು ಸುಟ್ಟ ಕೇಪು ತಳ್ಳಿ ತೆಗೆಯಬೇಕು. ಆಮೇಲೆ ಬಿಸಿ ನೀರಿಗೆ ಒಂದಿಷ್ಟು ವಿನೆಗರ್, ಉಪ್ಪು, ಒಂದು ತೊಟ್ಟು ಪಾತ್ರೆ ಸೋಪು ಹಾಕಿ ಹತ್ತು ನಿಮಿಷ ಕುಲುಕಬೇಕು, ಹೆಚ್ಚಲ್ಲ. ಮೂರು ನೀರಿನಲ್ಲಿ ಜಾಲಿಸಿ, ಬಾಯಿ ಕೆಳಗೆ ಮಾಡಿ ಟವಲ್ ಮೇಲೆ ನಿಲ್ಲಿಸಿ ಆರಿಸಬೇಕು. ಕೊನೆಗೆ ಲೀಲಂಡ್ ಹಳೇ ವಾಷಿಂಗ್ ಮಷೀನಿನ ಮೋಟರಿಗೆ ಕಟ್ಟಿಕೊಟ್ಟ ಡಬ್ಬಿಯಲ್ಲಿ, ಮೆಕ್ಕೆಜೋಳದ ದಿಂಡಿನ ತರಿಯ ಜೊತೆ ಮೂರು ಗಂಟೆ ಉರುಳಿಸಬೇಕು. ಹೊರಗೆ ಬಂದಾಗ ಹೊಸ ಉಂಗುರದ ಹಾಗೆ ಹೊಳೆಯುತ್ತವೆ. ಒಂದೊಂದನ್ನೂ ದೀಪಕ್ಕೆ ಹಿಡಿದು ಕತ್ತು ನೋಡುತ್ತೇನೆ, ಬುಡ ನೋಡುತ್ತೇನೆ. ಕೂದಲೆಳೆಯಷ್ಟು ಗೀಟು ಕಂಡರೆ ಇಕ್ಕಳದಲ್ಲಿ ಅದುಮಿ ಗುಜರಿ ಡಬ್ಬಕ್ಕೆ. ಕೋವಿ ಕ್ಲಬ್ಬಿನ ಅರ್ಧ ಜನ ತಮ್ಮ ತೋಟೆಗಳನ್ನೂ ನನ್ನ ಹತ್ತಿರವೇ ತರುತ್ತಿದ್ದರು. "ಆರ್ಲಿಸ್ ಕೈಗೆ ಕೊಟ್ಟುಬಿಡು, ಪಾಸಾದ್ರೆ ಪಾಸು" ಅನ್ನುತ್ತಿದ್ದರು.

ಎಂಬತ್ತಾರನೇ ಇಸವಿಯ ಬೇಸಿಗೆಯಲ್ಲಿ, ಜುಲೈ ತಿಂಗಳು, ನಮ್ಮ ಮಗಳಿಗೆ ಹೆರಿಗೆ ಎಂದು ಮೂರು ವಾರ ಸ್ಪೊಕೇನ್‌ಗೆ ಹೋದೆವು. ಹೊರಡುವ ಹಿಂದಿನ ದಿನ ಶರತ್ಕಾಲದ ಬೇಟೆಗೆಂದು ಇನ್ನೂರು ತೋಟೆ ತೊಳೆದು, ನೆಲಮಾಳಿಗೆಯ ಮೇಜಿನ ಮೇಲೆ ಆರಲು ಬಿಟ್ಟಿದ್ದೆ. ಪಕ್ಕದ ಮನೆಯ ಡೆಲ್ಬರ್ಟ್ ರೂಸಾನಿಗೆ ಬೀಗದ ಕೈ ಕೊಟ್ಟು, ಟೊಮೇಟೊಗೆ ನೀರು ಹಾಕು, ಟಪಾಲು ಒಳಗಿಡು ಎಂದು ಹೇಳಿ ಹೋದೆವು. ಡೆಲ್ಬರ್ಟ್ ಬಡಗಿ. ಹಳೆಯ ಕುಡುಕ, ಒಂಬತ್ತು ವರ್ಷದಿಂದ ಬಿಟ್ಟಿದ್ದ. ಕ್ಲಬ್ಬಿನ ಗುರಿಸ್ಪರ್ಧೆಯಲ್ಲಿ ಆರು ವರ್ಷ ಅವನದೇ ಮೊದಲ ಸ್ಥಾನ. ಆಮೇಲಿನ ಎರಡು ವರ್ಷ ಮಾತ್ರ ಲೀಲಂಡ್ ಗೆದ್ದಿದ್ದ.

ಆಗಸ್ಟ್ ಮೊದಲ ವಾರ ಮರಳಿ ಬಂದು ನೆಲಮಾಳಿಗೆಗೆ ಇಳಿದರೆ ಮೂಗಿಗೆ ಖಾರವಾದ ವಾಸನೆ. ಯಾವುದೋ ಬೆಕ್ಕು ಕಿಟಕಿಯಿಂದ ನುಗ್ಗಿ ಉಚ್ಚೆ ಹೊಯ್ದಿದೆ ಎಂದುಕೊಂಡೆ. ಆದರೆ ಕಿಟಕಿಗಳೆಲ್ಲ ಮುಚ್ಚಿದ್ದವು. ಮೇಜಿನ ಮೇಲಿದ್ದ ತೋಟೆಗಳು ಕಂದುಬಣ್ಣಕ್ಕೆ ತಿರುಗಿದ್ದವು, ಕೆಲವುಗಳ ಕತ್ತಿನ ಹತ್ತಿರ ತೆಳು ನೀಲಿ ಕಲೆ. ವಿನೆಗರ್ ಸರಿಯಾಗಿ ಜಾಲಿಸಿಲ್ಲ, ಹೊರಡುವ ಗಡಿಬಿಡಿಯಲ್ಲಿ ನಾನೇ ಎಡವಟ್ಟು ಮಾಡಿದೆ ಎಂದು ನಾಚಿಕೆಯಾಯಿತು. ಲೀಲಂಡ್ ನೋಡುವ ಮೊದಲೇ ಡಬ್ಬಿಗೆ ಹಾಕಿ ಮೂರರ ಬದಲು ಆರು ಗಂಟೆ ಉರುಳಿಸಿದೆ. ಥಳಥಳ ಹೊಳೆದವು. ಹೊಳೆದ ಮೇಲೆ ನಾನೂ ಬೇಗ ಬೇಗ ಕಣ್ಣಾಡಿಸಿ ಪಾಸು ಮಾಡಿದೆ.

ಸೆಪ್ಟೆಂಬರಿನ ಎರಡನೇ ಭಾನುವಾರ, ಕೋವಿಯ ಗುರಿ ಸರಿಮಾಡಿಕೊಳ್ಳಲು ಎಲ್ಲರೂ ಊರಾಚೆಯ ಮೈದಾನದಲ್ಲಿ ಸೇರಿದ್ದೆವು. ಲೀಲಂಡ್ ಹೊಡೆದ ಮೊದಲ ಎರಡು ಗುಂಡು ಸರಿ ಹೋದವು. ಮೂರನೆಯದಕ್ಕೆ ಶಬ್ದವೇ ಬೇರೆ ಬಂತು. ಕುಕ್ಕರಿನ ಹಾಗೆ ಬುಸ್ಸೆಂದು ಬಿಸಿ ಗಾಳಿ ಹಿಂದಕ್ಕೆ ನುಗ್ಗಿ ಅವನ ಮುಖಕ್ಕೆ ಹೊಡೆಯಿತು. ಕನ್ನಡಕ ಇಲ್ಲದಿದ್ದರೆ ಬಲಗಣ್ಣು ಹೋಗುತ್ತಿತ್ತು. ಹುಬ್ಬು ಸುಟ್ಟು ವಾಸನೆ ಬಂತು. ತೋಟೆ ಎಳೆದು ತೆಗೆದರೆ ಕತ್ತಿನಿಂದ ಹೊಟ್ಟೆಯವರೆಗೆ ಸೀಳಿಹೋಗಿತ್ತು.

ಡೆಲ್ಬರ್ಟ್ ಪಕ್ಕದ ಬೆಂಚಿನಿಂದ ಓಡಿಬಂದ. "ಏನಾಯ್ತು ಮಾರಾಯ? ಕಣ್ಣು ಕಾಣ್ತಿದೆಯಾ?"

"ಕಾಣ್ತಿದೆ, ನಿನ್ನ ಮುಖಾನೇ ಕಾಣ್ತಿದೆ, ಅದೇ ಬೇಜಾರು" ಎಂದ ಲೀಲಂಡ್. ಆಮೇಲೆ ನನ್ನ ಕಡೆ ತಿರುಗಿ, ಎಲ್ಲರೆದುರಿಗೆ, ಮೆಲ್ಲಗೆ ಕೇಳಿದ: "ಇದನ್ನ ನೀನು ನೋಡಿದ್ಯಾ, ಆರ್ಲಿಸ್?"

ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವನು ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು. ಉಳಿದ ತೋಟೆಗಳನ್ನು ಅಲ್ಲೇ ಬಿಸಿಲಿಗೆ ಹಿಡಿದು ನೋಡಿದೆವು. ಐವತ್ತರ ಪೆಟ್ಟಿಗೆಯಲ್ಲಿ ಹನ್ನೊಂದಕ್ಕೆ ಬಿರುಕು. ಎರಡೇ ಸಲ ಹೊಡೆದ ಹಿತ್ತಾಳೆ. ಜುಲೈಯಲ್ಲಿ ತೊಳೆಯುವಾಗ ನಾನೇ ನೋಡಿದ್ದೆ, ಒಂದರಲ್ಲೂ ಗೀಟಿರಲಿಲ್ಲ.

"ನನ್ನ ಕಣ್ಣು ತಪ್ಪಿಲ್ಲ. ಯಾರೋ ಏನೋ ಮಾಡಿದ್ದಾರೆ" ಎಂದೆ.

ಆ ಮಾತು ನನ್ನ ಬಾಯಿಂದಲೇ ಹೊರಟದ್ದು.

"ಬೇಸಿಗೇಲಿ ನಾವಿಲ್ಲದಾಗ ನೆಲಮಾಳಿಗೆಗೆ ಯಾರಾದ್ರೂ ಇಳಿದಿದ್ರಾ, ಡೆಲ್ಬರ್ಟ್?" ಎಂದು ಲೀಲಂಡ್ ಕೇಳಿದ. ಸುಮ್ಮನೆ ಕೇಳಿದ್ದಷ್ಟೆ, ಮನಸ್ಸಿನಲ್ಲಿ ಏನೂ ಇರಲಿಲ್ಲ. ಡೆಲ್ಬರ್ಟ್‌ನ ಕೈಯಲ್ಲಿದ್ದ ಥರ್ಮಾಸಿನ ಮುಚ್ಚಳದಿಂದ ಕಾಫಿ ಚೆಲ್ಲಿತು.

"ಯಾರೂ ಇಲ್ಲ. ನಾನಂತೂ ಕೆಳಗೆ ಇಳಿದೇ ಇಲ್ಲ. ಟೊಮೇಟೊಗೆ ನೀರು ಹಾಕೋನಿಗೆ ನೆಲಮಾಳಿಗೇಲಿ ಏನು ಕೆಲಸ?" ಎಂದ. ಅವನು ಅದನ್ನು ನನ್ನ ಮುಖ ನೋಡಿ ಹೇಳಲಿಲ್ಲ, ನನ್ನ ಬೂಟು ನೋಡಿ ಹೇಳಿದ.

ಮನೆಗೆ ಬಂದವಳೇ ನೆಲಮಾಳಿಗೆಯನ್ನು ಮೂಲೆ ಮೂಲೆ ಜಾಲಾಡಿದೆ. ಮೇಜಿನ ಕೆಳಗೆ, ಗೋಡೆಯ ಸಂದಿಯಲ್ಲಿ ಒಂದು ಪೆನ್ಸಿಲ್ ಸಿಕ್ಕಿತು. ಬಡಗಿಗಳು ಕಿವಿಗೆ ಸಿಕ್ಕಿಸಿಕೊಳ್ಳುವ ಚಪ್ಪಟೆ ಕೆಂಪು ಪೆನ್ಸಿಲ್, ತುದಿ ಹಲ್ಲಿನಲ್ಲಿ ಕಚ್ಚಿದ್ದು. ಊರಿನಲ್ಲಿ ಪೆನ್ಸಿಲ್ ಕಚ್ಚುವ ಬಡಗಿ ಒಬ್ಬನೇ.

ಲೀಲಂಡ್ ಅದನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ನೋಡಿದ. "ಸೋತಿದ್ದು ಇಷ್ಟು ಉರೀತಿತ್ತಾ ಅವನಿಗೆ?" ಎಂದ.

"ಸೋತದ್ದಕ್ಕೆ ಕಣ್ಣು ತೆಗೀತಾರಾ ಯಾರಾದ್ರೂ?" ಎಂದೆ ನಾನು. ಹಾಗೆಂದೆನೇ ಹೊರತು, ತೆಗೆಯುತ್ತಾರೆ ಎಂದೇ ನನ್ನ ಮನಸ್ಸು ಹೇಳುತ್ತಿತ್ತು. ನಿಜ ಹೇಳಬೇಕೆಂದರೆ ಆ ಪೆನ್ಸಿಲ್ ಸಿಕ್ಕಿದ್ದು ನನಗೆ ಸಮಾಧಾನವೇ ಆಗಿತ್ತು. ಅವನು ಮಾಡಿದ್ದಲ್ಲದಿದ್ದರೆ ತಪ್ಪು ನನ್ನ ಕಣ್ಣಿನದು. ಎರಡರಲ್ಲಿ ಒಂದನ್ನು ನಂಬಬೇಕಿತ್ತು, ನನಗೆ ಹಗುರವಾದದ್ದನ್ನು ನಂಬಿದೆ.

ಮಾರನೆಯ ದಿನವೇ ಬೀಗ ಬದಲಾಯಿಸಿದೆವು. ಡೆಲ್ಬರ್ಟ್‌ನ ಹೆಂಡತಿ ಟ್ವೈಲಾ ಚರ್ಚಿನ ಅಡುಗೆಮನೆಯಲ್ಲಿ ನನ್ನ ಜೊತೆಗಾತಿ. ಹದಿನೈದು ವರ್ಷ ಒಂದೇ ಸಿಂಕಿನಲ್ಲಿ ಪಾತ್ರೆ ತೊಳೆದವರು ನಾವು. ಅವಳ ಜೊತೆ ಮಾತು ಕಡಿಮೆ ಮಾಡಿದೆ. ಅವಳು ಎರಡು ಸಲ "ಏನಾಯ್ತೇ ನಿನಗೆ?" ಎಂದು ಕೇಳಿದಳು. "ಏನಿಲ್ಲ, ಸೊಂಟ ನೋವು" ಎಂದೆ. ಮೂರನೇ ಸಲ ಅವಳು ಕೇಳಲಿಲ್ಲ.

ಅಕ್ಟೋಬರಿನಲ್ಲಿ ಕ್ಲಬ್ಬಿನವರ ವರ್ಷದ ಪ್ಯಾನ್‌ಕೇಕ್ ಊಟ. ಡೆಲ್ಬರ್ಟ್ ತಟ್ಟೆ ಹಿಡಿದು ಒಂದು ಮೇಜಿನ ಹತ್ತಿರ ಹೋದ. ಆಗ ಲೀಲಂಡ್ ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಅವನ ಪಕ್ಕ ಕೂರೋರು ಜೋಬಲ್ಲಿರೋ ತೋಟೆ ಒಂದ್ಸಲ ನೋಡ್ಕೊಂಡು ಕೂತ್ಕೊಳ್ರಪ್ಪ!"

ಕೆಲವರು ನಕ್ಕರು. ಡೆಲ್ಬರ್ಟ್ ತಟ್ಟೆಯನ್ನು ಹಾಗೇ ಮೇಜಿನ ಮೇಲಿಟ್ಟು, ಟೋಪಿ ಹಾಕಿಕೊಂಡು ಹೊರಟ. ಜಗಳ ಆಡಲಿಲ್ಲ, ಯಾಕೆ ಹೀಗಂತೀಯ ಎಂದು ಕೇಳಲಿಲ್ಲ. "ನೋಡಿದ್ಯಾ? ತಪ್ಪು ಮಾಡದೋನಾಗಿದ್ರೆ ಕೊರಳಪಟ್ಟಿ ಹಿಡೀತಿದ್ದ" ಎಂದ ಲೀಲಂಡ್. ನನಗೂ ಹಾಗೇ ಅನ್ನಿಸಿತು. ಆ ನವೆಂಬರಿನಲ್ಲಿ ಡೆಲ್ಬರ್ಟ್ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಹೋಗಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ಅವನ ಪಿಕಪ್ ಅಂಗಳದಲ್ಲೇ ಹಿಮ ಹೊದ್ದು ನಿಂತಿತ್ತು. ಕ್ಲಬ್ಬಿನವರು ಮೈದಾನದ ಗೇಟಿನ ಬೀಗದ ಕೈಯನ್ನೂ ಅವನಿಂದ ವಾಪಸು ಕೇಳಿದರು.

ನಾನು ಮಾತ್ರ ಆ ತೋಟೆಗಳನ್ನು ಬಿಡಲಿಲ್ಲ. ಒಡೆದವನ್ನು ಭೂತಗನ್ನಡಿ ಇಟ್ಟು ನೋಡುತ್ತಿದ್ದೆ. ಅರದ ಗುರುತು ಸಿಗುತ್ತದೆ, ಇಕ್ಕಳದ ಹಲ್ಲು ಸಿಗುತ್ತದೆ, ಅದನ್ನು ತೆಗೆದುಕೊಂಡು ಹೋಗಿ ಅವನ ಮುಖಕ್ಕೆ ಹಿಡಿಯುತ್ತೇನೆ ಎಂದು. ಏನೂ ಸಿಗಲಿಲ್ಲ. ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ, ಮದ್ದೇ ತುಂಬದೆ ಬಿಟ್ಟಿದ್ದ ಪೆಟ್ಟಿಗೆ ತೆರೆದು ನೋಡಿದೆ. ಅಕ್ಟೋಬರಿನಲ್ಲಿ ಒಂದೊಂದನ್ನೂ ನೋಡಿ ಸರಿಯಾಗಿದೆ ಎಂದು ಬೇರೆ ಇಟ್ಟಿದ್ದ ತೋಟೆಗಳು. ಅವುಗಳಲ್ಲಿ ಎರಡಕ್ಕೆ ಹೊಸ ಬಿರುಕು. ಹೊಸ ಬೀಗ ಹಾಕಿದ ಮನೆಯಲ್ಲಿ, ಮುಚ್ಚಿದ ಪೆಟ್ಟಿಗೆಯೊಳಗೆ!

ಅವನು ಮತ್ತೆ ಬಂದಿದ್ದಾನೆ ಎಂದುಕೊಂಡೆ. ಲೀಲಂಡ್‌ಗೂ ಹೇಳದೆ ನೆಲಮಾಳಿಗೆಯ ಮೆಟ್ಟಿಲ ಮೇಲೆ ಮೈದಾಹಿಟ್ಟು ಉದುರಿಸಿದೆ. ಪೆಟ್ಟಿಗೆಯ ಮುಚ್ಚಳಕ್ಕೆ ನನ್ನದೇ ಕೂದಲೊಂದನ್ನು ಎಂಜಲಿನಲ್ಲಿ ಅಂಟಿಸಿದೆ. ಎರಡು ವಾರ ಹಿಟ್ಟಿನ ಮೇಲೆ ಬಿದ್ದದ್ದು ಲೀಲಂಡ್‌ನ ಚಪ್ಪಲಿಯ ಗುರುತು ಮಾತ್ರ. ಕೂದಲು ಅಂಟಿದಲ್ಲೇ ಇತ್ತು. ಪೆಟ್ಟಿಗೆ ತೆರೆದರೆ ಇನ್ನೊಂದು ಒಡೆದಿತ್ತು.

ಆಗ ನನಗೆ ಬಂದ ಯೋಚನೆಯನ್ನು ಹೇಳಲು ಈಗಲೂ ನಾಚಿಕೆ. ಲೀಲಂಡ್‌ನೇ ಏಕೆ ಮಾಡುತ್ತಿರಬಾರದು? ಡೆಲ್ಬರ್ಟ್‌ನನ್ನು ಕ್ಲಬ್ಬಿನಿಂದ ಓಡಿಸಲು? ಒಂದು ದಿನ ಪೂರ್ತಿ ಅವನು ಕಾಫಿ ಕುಡಿಯುವುದನ್ನು, ಪೇಪರ್ ಓದುವುದನ್ನು ಓರೆಗಣ್ಣಿನಲ್ಲಿ ನೋಡಿದೆ. "ನನ್ನ ಮುಖದಲ್ಲೇನು ಸಿನಿಮಾ ನಡೀತಿದೆಯಾ?" ಎಂದು ಕೇಳಿದ. ಆಗ ನನ್ನ ತಲೆ ಕೆಟ್ಟಿದೆ ಎಂದು ಗೊತ್ತಾಯಿತು.

ಫೆಬ್ರುವರಿಯಲ್ಲಿ ಐದು ತೋಟೆಗಳನ್ನು ಕರವಸ್ತ್ರದಲ್ಲಿ ಗಂಟುಕಟ್ಟಿಕೊಂಡು ಓಪಲ್ ರಿಂಡಾಲ್ ಅವರ ಮನೆಗೆ ಹೋದೆ. ಓಪಲ್‌ಗೆ ಆಗ ಎಪ್ಪತ್ತೆರಡು. ಎರಡನೇ ಮಹಾಯುದ್ಧದ ಕಾಲದಲ್ಲಿ, ಗಂಡಸರೆಲ್ಲ ಸೈನ್ಯಕ್ಕೆ ಹೋದಾಗ, ಮೂರು ವರ್ಷ ತೋಟೆ ಕಾರ್ಖಾನೆಯಲ್ಲಿ ಹಿತ್ತಾಳೆ ತಪಾಸಣೆ ಮಾಡಿದವರು. ಅವರು ಕಿಟಕಿಯ ಹತ್ತಿರ ಕೂತು, ತೋಟೆಯೊಂದನ್ನು ಬೆರಳಲ್ಲಿ ತಿರುಗಿಸಿ ತಿರುಗಿಸಿ ನೋಡಿದರು.

"ಇದನ್ನ ಯಾರೂ ಒಡೆದಿಲ್ಲ ಕಣಮ್ಮ. ಇದು ತಾನಾಗೇ ಬಿರಿದಿದೆ."

"ತಾನಾಗೇ ಹೇಗೆ ಬಿರಿಯುತ್ತೆ? ಅದೇನು ಟೊಮೇಟೊ ಹಣ್ಣಾ?" ಎಂದೆ.

"ಬಣ್ಣ ಕಂದಾಗಿತ್ತಾ? ನೀಲಿ ಕಲೆ?"

"ಇತ್ತು. ಆರು ಗಂಟೆ ಉರುಳಿಸಿ ತೆಗೆದೆ."

"ಅಯ್ಯೋ ಹುಚ್ಚಿ. ಅದು ಕಾಯಿಲೆ ಹೇಳ್ಕೊಂಡಿತ್ತು, ನೀನು ಅದರ ಬಾಯಿ ಒರೆಸಿದೆ." ಓಪಲ್ ತೋಟೆಯನ್ನು ಕೆಳಗಿಟ್ಟರು. "ಅಮೋನಿಯ. ನೆಲ ಒರೆಸೋಕೆ, ಕಿಟಕಿ ಒರೆಸೋಕೆ ತರ್ತಾರಲ್ಲ, ಅದೇ. ಅದರ ಆವಿ ಸಾಕು, ಮುಟ್ಟಬೇಕಂತಲೂ ಇಲ್ಲ. ಹಿತ್ತಾಳೆಯ ಕತ್ತನ್ನ ಅಮುಕಿ ಸಣ್ಣ ಮಾಡಿರ್ತಾರೆ, ಅಲ್ಲಿ ಬಿಗಿ ಇರುತ್ತೆ. ಆವಿ ಆ ಬಿಗಿಯೊಳಗೆ ಹೋಗುತ್ತೆ. ಇವತ್ತು ಒಡೆಯೋದು ಇವತ್ತು, ಆರು ತಿಂಗಳಿಗೆ ಒಡೆಯೋದು ಆರು ತಿಂಗಳಿಗೆ. ನಮ್ಮ ಕಾರ್ಖಾನೇಲಿ ಅಮೋನಿಯದ ಬಾಟಲಿ ಗೇಟೊಳಗೆ ತಂದ್ರೆ ಕೆಲಸ ಹೋಗ್ತಿತ್ತು. ಹಿಂದೆ ಇಂಡಿಯಾದಲ್ಲಿ ಇಂಗ್ಲಿಷರ ಸೈನ್ಯದವರು ತೋಟೆಗಳನ್ನ ಕುದುರೆ ಲಾಯದಲ್ಲಿ ಇಡ್ತಿದ್ರಂತೆ. ಮಳೆಗಾಲ ಬಂದ್ರೆ ಸಾಕು, ಕುದುರೆ ಉಚ್ಚೆಯ ಗಾಳಿಗೆ ಒಡೆದುಹೋಗ್ತಿದ್ವಂತೆ. ಫೋರ್‌ಮನ್ ಈ ಕತೆ ವಾರಕ್ಕೊಂದ್ಸಲ ಹೇಳ್ತಿದ್ದ."

"ನಮ್ಮನೇಲಿ ಅಮೋನಿಯ ಇಲ್ಲವೇ ಇಲ್ಲ. ಆ ವಾಸನೆ ಲೀಲಂಡ್‌ಗೆ ಆಗಲ್ಲ" ಎಂದೆ.

ಹೇಳುತ್ತಿರುವಾಗಲೇ ಆಗಸ್ಟಿನ ಆ ವಾಸನೆ ಮೂಗಿಗೆ ಬಂದ ಹಾಗಾಯಿತು. ಅದು ಬೆಕ್ಕಿನದಲ್ಲ.

ಓಪಲ್ ಮನೆಯಿಂದ ನೇರವಾಗಿ ಡೆಲ್ಬರ್ಟ್‌ನ ಮರಗೆಲಸದ ಶೆಡ್ಡಿಗೆ ಹೋದೆ. ಅಷ್ಟಾದರೂ ನನ್ನ ಅನುಮಾನ ಹೋಗಿರಲಿಲ್ಲ, ಗಟ್ಟಿಯೇ ಆಗಿತ್ತು. ಬೇಕೆಂದೇ ಅಮೋನಿಯ ತಂದಿಟ್ಟಿದ್ದಾನೆ, ಗುರುತು ಉಳಿಯದ ಉಪಾಯ ಹುಡುಕಿದ್ದಾನೆ ಎಂದುಕೊಂಡಿದ್ದೆ. ಅವನು ಯಾರದೋ ಅಡುಗೆಮನೆಯ ಬೀರು ಬಾಗಿಲಿಗೆ ಕೀಲು ಹಾಕುತ್ತಿದ್ದ. ನಾನು ಬಾಗಿಲು ಹಾಕಿಕೊಂಡು, ಪೆನ್ಸಿಲನ್ನು ಅವನ ಮುಂದಿಟ್ಟೆ.

"ನಮ್ಮ ನೆಲಮಾಳಿಗೇಲಿ ಸಿಕ್ತು. ಅಮೋನಿಯ ಯಾಕೆ ತಂದೆ ಹೇಳು."

ಡೆಲ್ಬರ್ಟ್ ಸ್ಕ್ರೂಡ್ರೈವರ್ ಕೆಳಗಿಟ್ಟ. ನಿರಾಕರಿಸುತ್ತಾನೆ ಎಂದು ನಾನು ಸಿದ್ಧಳಾಗಿ ನಿಂತಿದ್ದೆ. ಅವನು ಮರದ ಹೊಟ್ಟಿನ ಮೇಲೇ ಕುಕ್ಕರಿಸಿ ಕೂತುಬಿಟ್ಟ.

"ಒಂಬತ್ತು ವರ್ಷ ಆಗಿತ್ತು ಆರ್ಲಿಸ್. ಒಂಬತ್ತು ವರ್ಷ, ಎರಡು ತಿಂಗಳು."

ತೋಟದ ನಲ್ಲಿ ಸೋರುತ್ತಿತ್ತಂತೆ. ನೀರು ನಿಲ್ಲಿಸಲು ನೆಲಮಾಳಿಗೆಗೆ ಇಳಿದಿದ್ದಾನೆ. ಕಪಾಟಿನಲ್ಲಿ ಲೀಲಂಡ್ ಮಾಡಿಟ್ಟ ಕಾಡುಚೆರ್ರಿ ವೈನಿನ ಏಳು ಬಾಟಲಿ ಕಣ್ಣಿಗೆ ಬಿದ್ದಿವೆ. ಆ ದಿನ ಅವನಿಗೆ ಯಾವ ದುಃಖವೂ ಇರಲಿಲ್ಲವಂತೆ, ಟ್ವೈಲಾ ಜೊತೆ ಜಗಳವೂ ಆಗಿರಲಿಲ್ಲವಂತೆ. "ಸೆಖೆ ಇತ್ತು. ಕೆಳಗೆ ತಂಪಾಗಿತ್ತು. ಅಷ್ಟೆ. ಅದೇ ನನಗೆ ಭಯ, ಕಾರಣಾನೇ ಇರಲಿಲ್ಲ" ಎಂದ.

ಮೂರು ಬಾಟಲಿ ಖಾಲಿ ಮಾಡಿ, ಮೇಜಿನ ಬುಡದಲ್ಲೇ ವಾಂತಿ ಮಾಡಿಕೊಂಡು ಬಿದ್ದಿದ್ದಾನೆ. ಎಚ್ಚರವಾದ ಮೇಲೆ ಮನೆಯಿಂದ ಟ್ವೈಲಾಳ ಅಮೋನಿಯದ ಕ್ಯಾನು ತಂದು, ಬಕೆಟ್ಟಿಗೆ ಸುರಿದು ನೆಲ ಉಜ್ಜಿದ್ದಾನೆ. ಹೊರಗೆ ಯಾರಿಗೂ ವಾಸನೆ ಹೋಗದಿರಲಿ ಎಂದು ಕಿಟಕಿ ಮುಚ್ಚಿದ್ದಾನೆ. ಬಕೆಟ್ಟು, ಬಟ್ಟೆ ಎಲ್ಲ ಮೇಜಿನ ಕೆಳಗೇ ಬಿಟ್ಟು ಓಡಿಹೋಗಿದ್ದಾನೆ.

"ಮತ್ತೆ ಆ ಮೆಟ್ಟಿಲು ಇಳಿಯೋಕೆ ಧೈರ್ಯ ಬರಲಿಲ್ಲ. ಇನ್ನೂ ನಾಲ್ಕು ಬಾಟ್ಲಿ ಇತ್ತಲ್ಲ ಅಲ್ಲಿ. ನೀವು ಬರೋ ಹಿಂದಿನ ದಿನ ಉಸಿರು ಕಟ್ಟಿ ಇಳಿದು ಬಕೆಟ್ ತಂದೆ. ಖಾಲಿ ಬಾಟ್ಲಿಗೆ ದ್ರಾಕ್ಷಿ ರಸ ತುಂಬಿಟ್ಟೆ."

"ದ್ರಾಕ್ಷಿ ರಸವಾ?"

"ಅಂಗಡೀದು. ಬಣ್ಣ ಸರಿಹೋಗ್ತಿತ್ತು."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಲೀಲಂಡ್ ಅದನ್ನೇ ಪಾದ್ರಿಗೆ ಮೂರು ಲೋಟ ಕುಡಿಸಿ, "ಈ ವರ್ಷದ್ದು ಮೆತ್ತಗಿದೆ, ಅಲ್ವಾ?" ಎಂದಿದ್ದ.

"ಕ್ಲಬ್ಬಿನಲ್ಲಿ ಅಷ್ಟು ಜನರೆದುರು ಅವಮಾನ ಮಾಡಿದಾಗಲಾದ್ರೂ ಬಾಯಿ ಬಿಡಬಾರದಿತ್ತಾ?" ಎಂದೆ.

"ಏನಂತ ಬಿಡಲಿ? ಲೀಲಂಡ್ ಅಂದಿದ್ದು ಏನು ಅಂತಾನೂ ನನಗೆ ಪೂರ್ತಿ ಗೊತ್ತಾಗಲಿಲ್ಲ. ಕುಡಿದದ್ದು ಗೊತ್ತಾಗಿದೆ, ಅದನ್ನೇ ಸುತ್ತಿ ಬಳಸಿ ಹೇಳ್ತಿದ್ದಾನೆ ಅಂದ್ಕೊಂಡೆ. ಆಮೇಲೆ ತೋಟೆ ಒಡೆದಿದ್ದಕ್ಕೆ ನನ್ನ ಮೇಲೆ ಅನುಮಾನ ಅಂತ ತಿಳೀತು. ಅಷ್ಟೊತ್ತಿಗೆ, ಕುಡುಕ ಅನ್ನಿಸ್ಕೊಳ್ಳೋದಕ್ಕಿಂತ ಕೇಡಿಗ ಅನ್ನಿಸ್ಕೊಳ್ಳೋದೇ ವಾಸಿ ಅನ್ನಿಸ್ತು." ಅವನು ತಲೆ ಎತ್ತಲಿಲ್ಲ. "ಟ್ವೈಲಾಗೆ ಹೇಳ್ಬೇಡ ಆರ್ಲಿಸ್. ಇನ್ನೊಂದ್ಸಲ ಕುಡಿದ್ರೆ ಬಿಟ್ಟು ಹೋಗ್ತೀನಿ ಅಂದಿದ್ದಾಳೆ. ಆಮೇಲೆ ಒಂದು ತೊಟ್ಟೂ ಮುಟ್ಟಿಲ್ಲ. ಆಣೆ."

ಹೇಳುವುದಿಲ್ಲ ಎಂದೆ. ಯೋಚಿಸದೆ ಕೊಟ್ಟ ಮಾತು ಅದು. ಮನೆಗೆ ನಡೆಯುವಾಗ ಅದರ ಭಾರ ತಿಳಿಯಿತು. ಊರಿಗೆಲ್ಲ ಅವನನ್ನು ಕೆಟ್ಟವನು ಮಾಡಿದ್ದು ನಾವು. ಸರಿಮಾಡಬೇಕೆಂದರೆ ಅಮೋನಿಯ ಎಲ್ಲಿಂದ ಬಂತು ಎಂದು ಹೇಳಬೇಕು. ಹೇಳಿದರೆ ಅವನ ಸಂಸಾರ ಹೋಗುತ್ತದೆ. ಸುಮ್ಮನಿದ್ದರೆ ಅವನ ಮಾನ ಹೋದದ್ದು ಹೋದಂತೆಯೇ.

ಏಪ್ರಿಲಿನ ಕ್ಲಬ್ಬಿನ ಸಭೆಯಲ್ಲಿ ಕೊನೆಗೆ ಎದ್ದು ನಿಂತೆ. "ಲೀಲಂಡ್‌ನ ತೋಟೆ ಒಡೆದದ್ದಕ್ಕೆ ಕಾರಣ ಸಿಕ್ಕಿದೆ. ಬೇಸಿಗೇಲಿ ನಾನು ನೆಲಮಾಳಿಗೇಲಿ ಅಮೋನಿಯದ ಬಕೆಟ್ ಮರೆತು ಊರಿಗೆ ಹೋಗಿದ್ದೆ. ಓಪಲ್ ಅವರನ್ನ ಕೇಳಿ, ಅವರು ಹೇಳ್ತಾರೆ ಅದರಿಂದ ಏನಾಗುತ್ತೆ ಅಂತ. ಡೆಲ್ಬರ್ಟ್‌ದು ಇದರಲ್ಲಿ ಏನೂ ಇಲ್ಲ. ಅವನ ಹತ್ರ ಕ್ಷಮೆ ಕೇಳ್ತೀನಿ" ಎಂದೆ.

ಹಿಂದಿನ ಸಾಲಿನಿಂದ ಯಾರೋ, "ಅಲ್ಲಮ್ಮ, ನಮ್ಮ ತೋಟೆಗಳನ್ನೂ ಅದೇ ನೆಲಮಾಳಿಗೇಲಿ ತೊಳೆದ್ಯಾ?" ಎಂದರು. ಇನ್ನೊಬ್ಬರು ಜೋರಾಗಿ ನಕ್ಕರು. ಆ ವಾರವೇ ನಾಲ್ಕು ಜನ ಬಂದು ತಮ್ಮ ಡಬ್ಬಗಳನ್ನು ವಾಪಸು ಒಯ್ದರು. ಮುಖ ಕೊಟ್ಟು ಮಾತಾಡಲಿಲ್ಲ, "ಹೆಂಡ್ತಿ ಕಲೀತೀನಿ ಅಂತಿದ್ದಾಳೆ" ಎಂದೋ ಏನೋ ಗೊಣಗಿದರು.

ಅದನ್ನು ತಡೆದುಕೊಳ್ಳಬಹುದಿತ್ತು. ಲೀಲಂಡ್‌ನನ್ನು ತಡೆದುಕೊಳ್ಳುವುದು ಕಷ್ಟವಾಯಿತು. ಸಭೆ ಮುಗಿಸಿ ಮನೆಗೆ ಬಂದೆವು. ಅಂಗಳದಲ್ಲಿ ಪಿಕಪ್ ನಿಲ್ಲಿಸಿ, ಸ್ಟಿಯರಿಂಗ್ ಮೇಲೆ ಕೈಯಿಟ್ಟುಕೊಂಡೇ ಕೇಳಿದ.

"ನಮ್ಮನೇಲಿ ಅಮೋನಿಯ ಯಾವತ್ತಿತ್ತು?"

"ಆಗ ತಂದಿದ್ದೆ."

"ಸುಳ್ಳು. ಆ ವಾಸನೆ ಬಂದ್ರೆ ನನಗೆ ಉಸಿರು ಕಟ್ಟುತ್ತೆ. ನನ್ನ ಮದುವೆ ಆದ ದಿನದಿಂದ ನೀನು ತಂದಿಲ್ಲ. ಅವನಿಗೋಸ್ಕರ ಯಾಕೆ ಸುಳ್ಳು ಹೇಳ್ತೀಯ?"

"ಕೇಳ್ಬೇಡ ಲೀಲಂಡ್. ಮಾತು ಕೊಟ್ಟಿದ್ದೀನಿ."

"ಯಾರಿಗೆ?"

ನಾನು ಬಾಗಿಲು ತೆರೆದು ಇಳಿದೆ. ಅಲ್ಲಿಗೆ ಅವನಿಗೆ ಉತ್ತರ ಸಿಕ್ಕಿತು, ತಪ್ಪು ಉತ್ತರ.

ಆಮೇಲಿನ ಐದು ವಾರ ನಾನು ಅನುಮಾನದ ಇನ್ನೊಂದು ತುದಿಯಲ್ಲಿ ನಿಂತು ಬದುಕಿದೆ. ಲೀಲಂಡ್ ಹಾಸಿಗೆಯನ್ನು ಮಗಳ ಹಳೇ ಕೋಣೆಗೆ ಹಾಕಿಕೊಂಡ. ಪಿಕಪ್ ಎಷ್ಟು ಮೈಲಿ ಓಡಿದೆ ಎಂದು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಇಣುಕಿ ನೋಡುತ್ತಿದ್ದ. ಶಾಲೆಗೆ ಫೋನ್ ಮಾಡಿ, "ಆರ್ಲಿಸ್ ಇದ್ದಾಳಾ? ಏನಿಲ್ಲ, ಸುಮ್ನೆ" ಎಂದು ಇಟ್ಟುಬಿಡುತ್ತಿದ್ದ. ಒಂದು ದಿನ ಊಟಕ್ಕೆ ಕೂತಾಗ, "ಫೆಬ್ರುವರೀಲಿ ಅವನ ಶೆಡ್ಡಿಗೆ ಹೋಗಿದ್ದೆಯಂತೆ. ಬಾಗಿಲು ಹಾಕ್ಕೊಂಡು ಒಂದು ಗಂಟೆ" ಎಂದ.

"ಅರುವತ್ತೊಂದು ವರ್ಷ ನನಗೆ. ಮರದ ಹೊಟ್ಟಿನ ಮೇಲೆ ನಾನೇನು ಮಾಡ್ತೀನಿ ಅಂದ್ಕೊಂಡೆ?"

"ಗೊತ್ತಿದ್ರೆ ಯಾಕೆ ಕೇಳ್ತಿದ್ದೆ?" ಎಂದ. ಅವನ ಕಣ್ಣಂಚು ಕೆಂಪಾಗಿತ್ತು. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲಾಗಲಿಲ್ಲ. ಹಿಟ್ಟು ಉದುರಿಸಿ ಕಾದವಳು ನಾನು, ಅವನನ್ನು ಬೈಯಲು ನನಗೇನು ಹಕ್ಕು? ಡೆಲ್ಬರ್ಟ್ ಅಕ್ಟೋಬರಿನಿಂದ ಏಪ್ರಿಲಿನವರೆಗೆ ಹೀಗೇ ತಾನೇ ಇದ್ದದ್ದು?

ಮೇ ತಿಂಗಳ ಒಂದು ಶನಿವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದು. ತೆರೆದರೆ ಡೆಲ್ಬರ್ಟ್, ಹಿಂದೆ ಟ್ವೈಲಾ. ಡೆಲ್ಬರ್ಟ್ ಟೋಪಿ ತೆಗೆದು ಎದೆಗೆ ಹಿಡಿದಿದ್ದ.

"ಒಳಗೆ ಬರಬಹುದಾ ಲೀಲಂಡ್?"

"ಇಷ್ಟು ದಿನ ಕೇಳಿ ಬರ್ತಿದ್ಯಾ?" ಎಂದ ಲೀಲಂಡ್ ಕುರ್ಚಿಯಿಂದ ಏಳದೆ.

ಡೆಲ್ಬರ್ಟ್ ನಿಂತೇ ಎಲ್ಲ ಹೇಳಿದ. ನಲ್ಲಿ, ವೈನು, ವಾಂತಿ, ಬಕೆಟ್ಟು, ದ್ರಾಕ್ಷಿ ರಸ. ನಡುವೆ ಎರಡು ಸಲ ನಿಂತ, ಎರಡು ಸಲವೂ ಟ್ವೈಲಾ ಹಿಂದಿನಿಂದ ಅವನ ಬೆನ್ನಿಗೆ ಬೆರಳಿನಿಂದ ತಿವಿದಳು. ಅವನು ಮುಗಿಸಿದ ಮೇಲೆ ಅವಳು ಹೇಳಿದಳು: "ನನ್ನ ಅಮೋನಿಯದ ಕ್ಯಾನು ಖಾಲಿ, ಇವನ ಬಾಯಲ್ಲಿ ಪುದೀನ ಮಿಠಾಯಿ. ಅವತ್ತೇ ಗೊತ್ತಾಯ್ತು ನನಗೆ. ತಾನಾಗೇ ಹೇಳಲಿ ಅಂತ ಹತ್ತು ತಿಂಗಳು ಕಾದೆ. ಮೊನ್ನೆ, ಆರ್ಲಿಸ್ ತಪ್ಪನ್ನ ತನ್ನ ತಲೆ ಮೇಲೆ ಹಾಕ್ಕೊಂಡಳು, ಲೀಲಂಡ್ ಅವಳನ್ನ ಅನುಮಾನದಲ್ಲಿ ನೋಡ್ತಿದ್ದಾನಂತೆ ಅಂತ ನಾನು ಹೇಳಿದಾಗ ಇವನು ಕೂತು ಅತ್ತ. ಅಳೋದು ಆಮೇಲೆ, ಮೊದಲು ನಡಿ ಅಂತ ಎಳ್ಕೊಂಡು ಬಂದೆ."

"ಗೊತ್ತಿದ್ದೂ ನೀನು ಬಿಟ್ಟು ಹೋಗಲಿಲ್ಲವಾ?" ಎಂದು ನಾನು ಕೇಳಿದೆ.

"ಸೂಟ್‌ಕೇಸ್ ತೆಗೆದಿಟ್ಟಿದ್ದೆ. ಇವತ್ತು ಕುಡಿದ್ರೆ ನಾಳೆ ಹೋಗ್ತೀನಿ ಅಂತ. ಆ ನಾಳೆ ಬರಲಿಲ್ಲ."

"ಅದಕ್ಕೇ ಪಾದ್ರಿ ಮೂರು ಲೋಟ ಕುಡಿದ್ರೂ ಅಲುಗಲಿಲ್ಲ" ಎಂದ ಲೀಲಂಡ್. ಕಾಲಿನಿಂದ ಒಂದು ಕುರ್ಚಿ ಮುಂದಕ್ಕೆ ತಳ್ಳಿದ. "ಕೂತ್ಕೋ ಡೆಲ್ಬರ್ಟ್. ಪ್ಯಾನ್‌ಕೇಕ್ ದಿನ ನಾನಂದಿದ್ದು... ಅದು ನನ್ನ ತಪ್ಪು. ದೊಡ್ಡ ತಪ್ಪು." ಆ ಸಂಜೆ ಹಾಸಿಗೆ ಬಟ್ಟೆ ಮಡಿಸಿ, ದಿಂಬು ಕಂಕುಳಲ್ಲಿಟ್ಟುಕೊಂಡು ನಮ್ಮ ಕೋಣೆಯ ಬಾಗಿಲಲ್ಲಿ ನಿಂತ. ನಾನು ಪಕ್ಕಕ್ಕೆ ಸರಿದೆ.

ಕ್ಲಬ್ಬಿನಲ್ಲಿ ಹೇಳಿದ್ದನ್ನು ನಾನು ತಿದ್ದಲಿಲ್ಲ. ಡೆಲ್ಬರ್ಟ್ ತಾನೇ ಹೇಳುತ್ತೇನೆಂದ, ಟ್ವೈಲಾ ಬೇಡವೆಂದಳು, ನಾನೂ ಬೇಡವೆಂದೆ. ಅವನಿಗೆ ಗೇಟಿನ ಬೀಗದ ಕೈ ಮರಳಿ ಸಿಕ್ಕಿತು. ನನಗೆ ಮಾತ್ರ ತೋಟೆ ಕೊಡುವವರು ಈಗಲೂ ಇಲ್ಲ. ನಮ್ಮ ಮನೆಯವನ್ನಷ್ಟೇ ತೊಳೆಯುತ್ತೇನೆ. ಬಣ್ಣ ಸ್ವಲ್ಪ ಮಾಸಿದ್ದರೂ ಉರುಳಿಸುವ ಮೊದಲು ಎರಡು ದಿನ ಹಾಗೇ ಇಟ್ಟು ನೋಡುತ್ತೇನೆ.

ಪ್ರತಿ ಗುರುವಾರ ಡೆಲ್ಬರ್ಟ್ ನಲವತ್ತು ಮೈಲಿ ದೂರದ ಪೇಟೆಗೆ, ಕುಡಿತ ಬಿಟ್ಟವರು ಸೇರುವ ಕೂಟಕ್ಕೆ ಹೋಗಲು ಶುರುಮಾಡಿದ. ಲೀಲಂಡ್ ಅವನನ್ನು ಕರೆದುಕೊಂಡು ಹೋಗುತ್ತಾನೆ. ಕೇಳಿದರೆ, "ನನಗೂ ಅಲ್ಲಿ ಹಾರ್ಡ್‌ವೇರ್ ಅಂಗಡೀಲಿ ಕೆಲಸ ಇದೆ" ಅನ್ನುತ್ತಾನೆ. ಪ್ರತಿ ವಾರ ಒಂದು ಹಿಡಿ ಮೊಳೆ ತರುತ್ತಾನೆ. ಎರಡು ಡಬ್ಬ ತುಂಬಿವೆ.

ಆ ನವೆಂಬರಿನ ಒಂದು ಗುರುವಾರ ಹಿಮ ಜೋರಾಗಿ ಬಿತ್ತು. ಐದಕ್ಕೆ ಬರಬೇಕಾದವರು ಆರಾದರೂ ಬರಲಿಲ್ಲ. ಟ್ವೈಲಾ ಮೂರು ಸಲ ಫೋನ್ ಮಾಡಿದಳು. "ಬಂದ್ರಾ?" ಎಂದು ಅವಳು, "ದಾರಿ ಕೆಟ್ಟಿರುತ್ತೆ" ಎಂದು ನಾನು. ಇಬ್ಬರ ಮನಸ್ಸಿನಲ್ಲೂ ಇದ್ದದ್ದನ್ನು ಇಬ್ಬರೂ ಆಡಲಿಲ್ಲ. ಆರೂವರೆಗೆ ಪಿಕಪ್ ಬಂತು. ಟೈರು ಪಂಕ್ಚರಾಗಿತ್ತಂತೆ, ಇಬ್ಬರ ಕೈಯೂ ಮೊಣಕೈವರೆಗೆ ಕಪ್ಪಾಗಿತ್ತು, ಮೂಗು ಕೆಂಪಾಗಿತ್ತು. ಡೆಲ್ಬರ್ಟ್ ಹೊಸ್ತಿಲಲ್ಲಿ ನಿಂತು ಬೂಟಿನ ಹಿಮ ಒದರುತ್ತಿದ್ದ. ನಾನು ಕೋಟು ತೆಗೆದುಕೊಳ್ಳುವ ನೆಪದಲ್ಲಿ ಅವನ ಹತ್ತಿರ ಹೋಗಿ, ಮೆಲ್ಲಗೆ ಉಸಿರೆಳೆದುಕೊಂಡು ಮೂಸಿದೆ.

ಗ್ರೀಸು, ಬೆವರು, ಕಾಫಿ.

ಅವನಿಗೆ ಗೊತ್ತಾಯಿತು. "ಪರವಾಗಿಲ್ಲ ಆರ್ಲಿಸ್, ಟ್ವೈಲಾನೂ ಹಾಗೇ ಮಾಡ್ತಾಳೆ" ಎಂದು ಹೇಳಿ ಒಳಗೆ ಬಂದ. ನಾನು ಕಾಫಿಗೆ ನೀರಿಟ್ಟೆ.